ಹತ್ತೊಂಬತ್ತನೇ ಬೋರಿನ ಒಂಬತ್ತು ಕಲ್ಲು

ಕೋರ್ ಗೋದಾಮು
ಸೋಮವಾರ, ಮೂರನೇ ತಾರೀಖು

ಪ್ರೀತಿಯ ಮೊಂಡನಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಆರು ದಿನವಾಯಿತು. ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಕನ್ನಡಕದ ಕಾಲು ಮುರಿದಿತ್ತು. ಅದು ನೆಪ ಎಂದರೂ ಸರಿ, ಒಪ್ಪಿಕೊಳ್ಳುತ್ತೇನೆ. ಮೈ ಆ ಒತ್ತಡಕ್ಕೆ ಒಗ್ಗಿರಲೆಂದು ನೀನು ಇಪ್ಪತ್ತೆಂಟು ದಿನ ಆ ಕಬ್ಬಿಣದ ಕೋಣೆಯಿಂದ ಹೊರಗೆ ಬರುವಂತಿಲ್ಲ, ಇಲ್ಲಿ ನನಗೆ ಎರಡು ಪುಟ ಬರೆಯಲು ಪುರುಸೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ.

ನಿನ್ನೆ ನಿನ್ನ ಮನೆಗೆ ಹೋಗಿದ್ದೆ. ನಿನ್ನ ಹೆಂಡತಿ ಚೆನ್ನಾಗಿದ್ದಾಳೆ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. "ಅಪ್ಪ ಸಮುದ್ರದ ಕೆಳಗೆ ಏನು ಮಾಡ್ತಾರೆ ಅತ್ತೆ?" ಎಂದು ಕೇಳಿದಳು. "ಅಲ್ಲೊಂದು ಮಷೀನ್ ಇದೆ, ಕಲ್ಲು ತಿಂದ್ಕೊಂಡು ಸುರಂಗ ಮಾಡುತ್ತೆ. ಅದರ ಹಲ್ಲು ಸವೆದಾಗ ನಿಮ್ಮಪ್ಪ ಅದರ ಬಾಯೊಳಗೆ ಹೋಗಿ ಬೇರೆ ಹಲ್ಲು ಹಾಕ್ತಾನೆ" ಎಂದೆ. "ಆಗ ಅದು ಬಾಯಿ ಮುಚ್ಚಿಬಿಟ್ರೆ?" ಎಂದಳು. ನಿನ್ನ ಮಗಳೇ ಸರಿ. ನಾನು ಮಾತು ಬದಲಿಸಿದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹೀಲಿಯಂ ಬೆರೆಸಿ ಒತ್ತಡ ತುಂಬಿದ ಆ ಗಾಳಿಯಲ್ಲಿ ನಿನ್ನ ದನಿ ಬಾತುಕೋಳಿಯದಾಗುತ್ತದೆ, ನನಗೆ ನಗು ತಡೆಯುವುದಿಲ್ಲ. ಅಲ್ಲದೆ ನಾವಾಡುವ ಒಂದೊಂದು ಮಾತನ್ನೂ ಕಂಟ್ರೋಲ್ ರೂಮಿನವರು ಕೇಳಿಸಿಕೊಳ್ಳುತ್ತಾರೆ. ಊಟ ಕಳಿಸುವ ಸಣ್ಣ ಕಿಟಕಿಯಲ್ಲಿ ಕಾಗದವೂ ಒಳಗೆ ಬರುತ್ತದಲ್ಲ, ನಮಗೆ ಅದೇ ವಾಸಿ.

ಈಗ ನೀನು ಬರೆದ ಸದ್ದಿನ ವಿಷಯ. ಮಷೀನ್ ನಿಂತಾಗ ಮುಂದಿನ ಕಲ್ಲಿನೊಳಗಿಂದ ಟೊಕ್, ಟೊಕ್ ಎಂದು ಕೇಳುತ್ತದೆ, ಒಂಬತ್ತು ಸಲ ಕೇಳಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒಂಬತ್ತು ಎಂದು ಬರೆದಿದ್ದೀಯ. ಯಾರೋ ಒಂದರ ಪಕ್ಕ ಒಂದನ್ನು ಜೋಡಿಸಿ ಇಡುವ ಹಾಗೆ, ಎಂದೂ ಬರೆದಿದ್ದೀಯ. ಕಲ್ಲು ಸದ್ದು ಮಾಡುವುದು ಹೊಸದಲ್ಲ. ಅಷ್ಟು ಕಾಲ ಭಾರ ಹೊತ್ತ ಕಲ್ಲಿಗೆ ಪಕ್ಕದಲ್ಲಿ ಜಾಗ ಸಿಕ್ಕಿದರೆ ಅದೂ ಮೈ ಮುರಿಯುತ್ತದೆ. ಈ ಗೋದಾಮಿನಲ್ಲಿ ಬೋರಿನ ಕಲ್ಲು ತುಂಬಿಟ್ಟ ಹನ್ನೊಂದು ಸಾವಿರ ಪೆಟ್ಟಿಗೆಗಳೂ ಸಂಜೆ ತಗಡಿನ ಮಾಡು ತಣ್ಣಗಾಗುವಾಗ ಟಿಕ್ ಟಿಕ್ ಎನ್ನುತ್ತವೆ. ನೀನು ಎಣಿಸಬೇಡ, ಅಷ್ಟೆ. ಎಣಿಸಲು ಶುರು ಮಾಡಿದರೆ ನಿದ್ದೆ ಹತ್ತುವುದಿಲ್ಲ.

ಮುಂದೆ ಜಿನುಗುವ ನೀರಿನಲ್ಲಿ ಉಪ್ಪಿಲ್ಲ ಎಂದೂ ಬರೆದಿದ್ದೀಯ. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಚಾಳಿ ನಿನಗೆ ಇನ್ನೂ ಬಿಟ್ಟಿಲ್ಲ. ಅಪ್ಪ ಹೇಳುತ್ತಿದ್ದರು, "ಸಮುದ್ರದ ಕೆಳಗೆ ಉಪ್ಪು ನೀರು ಬಂದ್ರೆ ಎಲ್ಲಿಂದ ಬಂತು ಅಂತ ಗೊತ್ತು. ಸಿಹಿ ನೀರು ಬಂದ್ರೆ, ಯಾರದಪ್ಪಾ ಇದು ಅಂತ ಕೇಳಬೇಕು" ಎಂದು. ಸಮುದ್ರ ಇಲ್ಲಿಗೆ ಬರುವ ಮುಂಚೆ ಇಲ್ಲಿ ನದಿ ಹರಿಯುತ್ತಿತ್ತು. ಸಮುದ್ರ ಬಂದು ಮೇಲೆ ಕೂತಿತು. ನದಿ ಪೂರ್ತಿ ಹೋಯಿತೆಂದು ಯಾರೂ ಬರೆದುಕೊಟ್ಟಿಲ್ಲ.

ಮಷೀನ್ ಎಲ್ಲೆಲ್ಲಿ ನಿಲ್ಲಬೇಕು ಎನ್ನುವ ಪಟ್ಟಿ ಇವತ್ತು ನನ್ನ ಮೇಜಿಗೆ ಬಂತು. ಸುರಂಗದ ದಾರಿಯನ್ನು ಇಂಜಿನಿಯರುಗಳು ಎಳೆದರು ಎಂದು ಜನ ಅಂದುಕೊಂಡಿದ್ದಾರೆ, ಎಳೆದದ್ದು ಕಲ್ಲು. ಆ ಬೂದು ಪದರ ಒಂದೇ ಕೊರೆಯಲು ಮೆತ್ತಗೆ, ನೀರಿಗೆ ಬಿಗಿ. ಅದು ಬಾಗಿದ ಕಡೆ ನಾವು ಬಾಗಬೇಕು, ಅದು ಇಳಿದ ಕಡೆ ಇಳಿಯಬೇಕು. ಹೋದ ವರ್ಷ ಜೇಡಿಮಣ್ಣು ಸಿಕ್ಕಿತೆಂದು ದಾರಿಯನ್ನು ಅರವತ್ತು ಮೀಟರ್ ಉತ್ತರಕ್ಕೆ ಸರಿಸಿದರಲ್ಲ, ಹಾಗಾಗಿ ಈಗ ಅದು ಹತ್ತೊಂಬತ್ತನೇ ಬೋರಿನ ಪಕ್ಕದಲ್ಲೇ ಹಾದುಹೋಗುತ್ತದೆ. ಈ ಯೋಜನೆ ಕಪಾಟು ಸೇರುವ ಮುಂಚೆ, ಮೂವತ್ನಾಲ್ಕು ವರ್ಷದ ಹಿಂದೆ, ಸಮುದ್ರದ ತಳ ಕೊರೆದು ಕಲ್ಲಿನ ಕೋಲುಗಳನ್ನು ಮೇಲೆತ್ತಿದ ಬೋರುಗಳಲ್ಲಿ ಅದೊಂದು. ಆ ಕಲ್ಲನ್ನು ನೋಡಿ ದಾಖಲೆ ಬರೆದವರು ಅಪ್ಪ. "ಗಟ್ಟಿ, ಬಿರುಕಿಲ್ಲ, ನೀರಿಲ್ಲ" ಎಂದು ಬರೆದು ಸಹಿ ಹಾಕಿದ್ದಾರೆ. ಇಡೀ ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂದು ಹದಿನಾಲ್ಕನೇ ತಾರೀಖು ಅಲ್ಲೇ ನಿಲ್ಲಿಸುತ್ತಾರಂತೆ. ಕಲ್ಲನ್ನು ಒತ್ತಿ ಹಿಡಿಯುವ ಮುಂದಿನ ಕೆಸರನ್ನು ಪೂರ್ತಿ ಖಾಲಿ ಮಾಡಿ, ನೀವು ಮೂವರು ಬರೀ ಕಲ್ಲಿನ ಎದುರು ನಿಂತು ನಾಲ್ಕು ದಿನದಲ್ಲಿ ಎಲ್ಲ ಹಲ್ಲು ಬದಲಿಸಬೇಕಂತೆ. ಗಟ್ಟಿ ಎಂದು ದಾಖಲೆ ಇರುವ ಕಡೆ ಮುಂದಕ್ಕೆ ಕೊರೆದು ಪರೀಕ್ಷೆ ಮಾಡುವುದೂ ಇಲ್ಲವಂತೆ.

ಪಟ್ಟಿ ಓದಿ ಮುಗಿಸಿ ಆ ಪೆಟ್ಟಿಗೆ ತೆಗೆದು ನೋಡಿದೆ. ಹಳೆಯ ಸಾಲು, ಕೆಳಗಿನ ಹಂತ. ಕಲ್ಲುಗಳು ಸಾಲಾಗಿ ಒಣಗಿ, ಧೂಳು ಹಿಡಿದು ಮಲಗಿದ್ದವು. ನಡುವೆ ಕೆಲವು ತುಂಡು ಮಾತ್ರ ಒದ್ದೆ. ಎಣಿಸಿದೆ, ಒಂಬತ್ತು. ಬಟ್ಟೆಯಲ್ಲಿ ಒರೆಸಿ ಊಟಕ್ಕೆ ಹೋದೆ. ಬಂದು ನೋಡಿದರೆ ಅವು ಮತ್ತೆ ಬೆವೆತಿದ್ದವು. ಮಾಡು ಎಲ್ಲೂ ಸೋರುತ್ತಿಲ್ಲ.

ಅಪ್ಪನ ಕೆಂಪು ತುಂಡು ನಿನಗೆ ನೆನಪಿರಬೇಕು. ಎಲ್ಲಿ ಕಲ್ಲು ಕೈಗೆ ಸಿಗದೆ ಕೊಚ್ಚಿಹೋಗುತ್ತದೋ ಆ ಜಾಗಕ್ಕೆ ಕೆಂಪು ಬಣ್ಣದ ಮರದ ತುಂಡು ಇಟ್ಟು, ಎಷ್ಟು ಉದ್ದ ಇಲ್ಲ ಎಂದು ಅದರ ಮೇಲೆ ಬರೆಯಬೇಕು. "ಇರೋದನ್ನ ಯಾರು ಬೇಕಾದ್ರೂ ಬರೀತಾರೆ. ಇಲ್ಲದ್ದನ್ನ ಬರೆಯೋದು ನಮ್ಮ ಕೆಲಸ" ಎನ್ನುತ್ತಿದ್ದರು. ಮನೆಯಲ್ಲೂ ಊಟಕ್ಕೆ ಯಾರಾದರೂ ಬಾರದಿದ್ದರೆ ಅವರ ತಟ್ಟೆಯ ಜಾಗಕ್ಕೆ ಒಂದು ಕೆಂಪು ತುಂಡು. ನೀನೊಮ್ಮೆ ಶಾಲೆಯಿಂದ ತಡವಾಗಿ ಬಂದು, ನಿನ್ನ ಜಾಗದಲ್ಲಿ ತುಂಡು ಕಂಡು, "ನಾನು ಸತ್ತೋಗಿದೀನಾ?" ಎಂದು ಗಂಟೆಗಟ್ಟಲೆ ಅತ್ತಿದ್ದೆ. ನನ್ನ ಗುಂಡಿ ಡಬ್ಬಿ ಮುಟ್ಟಿದ್ದಕ್ಕೆ ನಾನು ಬಾರಿಸಿದಾಗ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮೊಂಡ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಮಗಳು ತರಗತಿಯಲ್ಲೇ ಕುಳ್ಳಿ, ಅಮ್ಮನ ಕಡೆಯಿಂದ ಬಂತಾ, ಅಮ್ಮ ಎಷ್ಟು ಎತ್ತರ ಇದ್ದಳು ಎಂದು ಮತ್ತೆ ಕೇಳಿದ್ದೀಯ. ಹಳೆ ಮನೆಯ ಬಾಗಿಲ ಚೌಕಟ್ಟಿನ ಮೇಲೆ ನಮ್ಮಿಬ್ಬರ ಗೆರೆ ಇದೆ. ಅಮ್ಮನ ಗೆರೆಯಿದ್ದ ಕಡೆ ಅಪ್ಪ ಬಣ್ಣ ಬಳಿದುಬಿಟ್ಟಿದ್ದಾರೆ. ನನಗೆ ನೆನಪಿಲ್ಲ ಮಾರಾಯ. ಎಷ್ಟು ಸಲ ಕೇಳುತ್ತೀಯ.

ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಕ್ಕ

*

ಕೋರ್ ಗೋದಾಮು
ಶನಿವಾರ, ಎಂಟನೇ ತಾರೀಖು

ಪ್ರೀತಿಯ ಮೊಂಡನಿಗೆ,

ಈ ಸಲ ತಡ ಮಾಡಿಲ್ಲ, ನೋಡು. ಗುರುವಾರ ಫೋನಿನಲ್ಲಿ ನಾನು ನಗಲಿಲ್ಲ ಎಂದು ನಿನಗೆ ಅನುಮಾನ ಬಂದಿರಬೇಕು. ನೀನು ಮಗಳ ಹಲ್ಲಿನ ಬಗ್ಗೆ ಏನೋ ಹೇಳುತ್ತಿದ್ದೆ. ನಿನ್ನ ಮಾತಿನ ಹಿಂದೆ ನನಗೆ ಅದು ಕೇಳಿಸಿತು. ಟೊಕ್. ಆಮೇಲೆ ಇನ್ನೊಂದು. ಎಣಿಸಬೇಡ ಎಂದವಳೇ ಎಣಿಸಿದೆ. ಒಂಬತ್ತಾಗಿ ನಿಂತಿತು. ಕಂಟ್ರೋಲ್ ರೂಮಿನ ಹುಡುಗಿಗೆ ಆಮೇಲೆ ಫೋನ್ ಮಾಡಿ ರೆಕಾರ್ಡಿಂಗ್ ಹಾಕಿಸಿದೆ. ಅದರಲ್ಲಿ ನಿನ್ನ ದನಿಯಿದೆ, ನನ್ನ ದನಿಯಿದೆ, ಬೇರೆ ಏನೂ ಇಲ್ಲ. "ಮೇಡಂ, ನೀವು ರಜೆ ಹಾಕಿ ಸ್ವಲ್ಪ ಮಲಗಿ" ಎಂದಳು.

ಅವತ್ತೇ ಆ ಒಂಬತ್ತು ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದೊಂದರಲ್ಲೂ ಅಕ್ಕಿಕಾಳಿನಷ್ಟು ಸಣ್ಣ ಚಿಪ್ಪಿನ ಗುರುತುಗಳಿವೆ. ಆ ಚಿಪ್ಪು ಮೇಲಿನ ಪದರದ್ದು, ಸುರಂಗ ಹೋಗುವ ಆಳದ್ದಲ್ಲ. ಅವುಗಳ ಎಡಕ್ಕೂ ಬಲಕ್ಕೂ ಇರುವ ಕಲ್ಲಿನಲ್ಲಿ ಒಂದು ಚಿಪ್ಪೂ ಇಲ್ಲ. ಅಂದರೆ ಈ ಒಂಬತ್ತು ಆ ಬೋರಿನವಲ್ಲ, ಎಲ್ಲಿಂದಲೋ ಬಂದು ಕೂತಿವೆ. ಬೇರೆ ಬೋರಿನ ಕಲ್ಲಿನಲ್ಲಿ ಉಪ್ಪಿದ್ದರೆ ಗಾಳಿಯ ತೇವ ಎಳೆದುಕೊಂಡು ಬೆವರಬಹುದು, ಅದಕ್ಕೆ ಕಾರಣ ಇದೆ. ಹಾಗೆಂದುಕೊಂಡು ನಾಲಿಗೆಗೆ ತಾಗಿಸಿದೆ. ನಿನಗೆ ಬೈದು ನಾನೇ ಹಾಗೆ ಮಾಡಿದೆ. ಉಪ್ಪಿಲ್ಲ, ಬಾವಿಯ ನೀರಿನ ಹಾಗೆ ತಣ್ಣಗೆ ಸಿಹಿ.

ನೇರ ದೊಡ್ಡ ಇಂಜಿನಿಯರ್ ಹತ್ತಿರ ಹೋದೆ. ಕೆಟ್ಟ ಮನುಷ್ಯನಲ್ಲ, ಕುರ್ಚಿ ಎಳೆದು ಕೂರಿಸಿದರು. ಹತ್ತೊಂಬತ್ತರ ಹತ್ತಿರ ನಿಲ್ಲಿಸಬೇಡಿ, ಮುಂದಕ್ಕೆ ಕೊರೆದು ನೋಡಿ ಎಂದೆ. "ನಿಮ್ಮ ತಂದೆ ಬರೆದ ನಾನೂರು ಬೋರಲ್ಲಿ ಒಂದು ಗೆರೇನೂ ತಪ್ಪಿಲ್ಲ. ಅವರ ಮಾತನ್ನ ನೀವೇ ನಂಬಲ್ವಾ?" ಎಂದರು. ಚಿಪ್ಪಿನ ವಿಷಯ ಹೇಳಿದೆ. "ಮೂವತ್ನಾಲ್ಕು ವರ್ಷದಲ್ಲಿ ಈ ಪೆಟ್ಟಿಗೆನ ಎಷ್ಟು ಜನ ತೆಗೆದು ನೋಡಿದಾರೋ. ಯಾರೋ ಅದಲು ಬದಲು ಮಾಡಿರ್ತಾರೆ. ಕೊರೆಯೋಕೆ ಎರಡು ದಿನ ಬೇಕು ಮೇಡಂ, ಏನಾದ್ರೂ ಬರವಣಿಗೆ ಇದ್ರೆ ತನ್ನಿ" ಎಂದರು. ಆ ಕಾಲದಲ್ಲಿ ಕೊರೆಯುವವರು ಕಾಗದ ಬರೆಯುತ್ತಿರಲಿಲ್ಲ. ಕಲ್ಲು ಸಿಗದ ಕಡೆ ಆ ಮರದ ತುಂಡಿನ ಮೇಲೆ ಬರೆದರೆ ಅದೇ ದಾಖಲೆ. ಹತ್ತೊಂಬತ್ತರ ಪೆಟ್ಟಿಗೆಯಲ್ಲಿ ಅಂಥ ತುಂಡು ಇಲ್ಲ.

ನಿನಗೂ ಹೇಳಿ ಕಳಿಸಿದ್ದೆ, ಅಲ್ಲಿ ಮಷೀನಿನ ಮುಂದಿನ ಬಾಗಿಲು ತೆರೆಯಬೇಡ ಎಂದು. ನೀನು ಕಳಿಸಿದ ಉತ್ತರ ನನ್ನ ಮುಂದಿದೆ: "ಅಪ್ಪ ನನ್ನ ಹತ್ರ ನೆಟ್ಟಗೆ ನಾಲ್ಕು ಮಾತಾಡಿದವರಲ್ಲ. ನಾನು ಹುಟ್ಟಿ ಅಮ್ಮ ಹೋದಳು ಅಂತ ಮನಸ್ಸಲ್ಲಿತ್ತೋ ಏನೋ. ಅವರಿಂದ ನನಗೆ ಅಂತ ಸಿಕ್ಕಿದ್ದು ಆ ಗಟ್ಟಿ ಅನ್ನೋ ಒಂದು ಮಾತು. ಅದರ ಮುಂದೆ ನಿಲ್ಲೋಕೆ ನನಗೇನೂ ಭಯ ಇಲ್ಲ."

ಪೆಟ್ಟಿಗೆಯ ಮುಚ್ಚಳಕ್ಕೆ ನಿನ್ನೆ ಸಂಜೆ ಮೊಳೆ ಹೊಡೆದೆ. ಇವತ್ತು ಬೆಳಿಗ್ಗೆ ಬಂದಾಗ ಮೊಳೆ ಹೊಡೆದಂತೆಯೇ ಇತ್ತು. ಪೆಟ್ಟಿಗೆಯ ಕೆಳಗೆ ನೆಲದ ಮೇಲೆ ನೀರು ನಿಂತಿತ್ತು. ಒರೆಸಿದೆ. ಯಾರಿಗೂ ಹೇಳಿಲ್ಲ.

ನಿನ್ನ ಅಕ್ಕ

*

ಮನೆ
ಗುರುವಾರ, ಹದಿಮೂರನೇ ತಾರೀಖು

ಪ್ರೀತಿಯ ಮೊಂಡನಿಗೆ,

ನಾಳೆ ನೀವು ಆ ಬಾಗಿಲು ತೆರೆಯುವುದಿಲ್ಲ. ಮೊದಲು ಈ ಒಂದು ಸಾಲು ಓದಿಕೋ, ಉಳಿದದ್ದನ್ನು ನಿಧಾನವಾಗಿ ಓದು. ಸಣ್ಣ ತಡ, ನಾಲ್ಕು ದಿನ ಆರಾಮಾಗಿರಿ ಎಂದಷ್ಟೇ ನಿಮಗೆ ಹೇಳಿರುತ್ತಾರೆ. ಒಳಗಿರುವವರ ಎದೆ ಒಡೆಯಬಾರದು ಎಂದು ನಿಜ ಹೇಳುವುದಿಲ್ಲ. ನಾನು ಹೇಳುತ್ತೇನೆ.

ಮಂಗಳವಾರ ನನಗೆ ಕೆಂಪು ತುಂಡು ಸಿಕ್ಕಿತು. ಅಪ್ಪನ ಹಳೆಯ ಕೋಟಿನ ಒಳಜೇಬಿನಲ್ಲಿತ್ತು. ಬಣ್ಣ ಮಾಸಿದೆ, ಪೆನ್ಸಿಲಿನ ಬರಹ ಮಾಸಿಲ್ಲ. "ಬೋರ್ 19. ಕಲ್ಲು ಇಲ್ಲ. 1.52 ಮೀಟರ್." ಅಪ್ಪನದೇ ಅಕ್ಷರ, ಒಂದರ ತಲೆಗೆ ಟೋಪಿ ಹಾಕುವ ಅದೇ ರೀತಿ. ದೊಡ್ಡ ಇಂಜಿನಿಯರ್ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದರು. "ಇದನ್ನ ಪೆಟ್ಟಿಗೇಲಿ ಇಡೋದು ಮರೆತು ಜೇಬಿಗೆ ಹಾಕ್ಕೊಂಡ್ರಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಆಗಲೇ ಫೋನ್ ಎತ್ತಿ ಮಷೀನ್ ನಿಲ್ಲಿಸಿ ಎಂದರು.

ನಿನ್ನೆ ಇಡೀ ದಿನ ಮಷೀನಿನ ಹಿಂದಿನಿಂದ ಮುಂದಕ್ಕೆ ಕೊರೆದರು. ನಾನೂ ಅಲ್ಲೇ ನಿಂತಿದ್ದೆ. ನಿನ್ನ ಕೋಣೆಯ ಗೋಡೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ನೀನು ಒಳಗೆ ಇಸ್ಪೀಟು ಆಡುತ್ತಿದ್ದೆಯಂತೆ. ಹನ್ನೊಂದು ಮೀಟರ್ ಬೂದು ಕಲ್ಲು ಬಂತು. ಆಮೇಲೆ ಕೊರೆಯುವ ಸರಳು ಯಾರೋ ಒಳಗಿಂದ ಎಳೆದುಕೊಂಡ ಹಾಗೆ ಸರಕ್ಕನೆ ಮುಂದಕ್ಕೆ ಹೋಯಿತು. ಕೊರೆಯುವವನು ಕೈ ಬಿಟ್ಟು ಹಿಂದೆ ಸರಿದ. ಅಳೆದರು. ಒಂದು ಮೀಟರ್ ಐವತ್ತೆರಡು. ಒಂದು ಸೆಂಟಿಮೀಟರ್ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸರಳಿನ ಸುತ್ತ ನೀರು ಬಂತು, ನೀರಿನ ಜೊತೆ ಕಪ್ಪು ಮರಳು. ಕವಾಟ ಮುಚ್ಚುವಷ್ಟರಲ್ಲಿ ನಮ್ಮ ಮೊಣಕಾಲು ಮುಳುಗಿತ್ತು. ಆ ಮರಳಿನಲ್ಲಿ ಒಂದು ಎಲೆಯಿತ್ತು, ನರ ನರ ಕಾಣುವ ಪೂರ್ತಿ ಎಲೆ. ಕೈಗೆತ್ತಿಕೊಂಡೆ. ಗಾಳಿ ತಾಗಿದ್ದೇ ನೋಡುನೋಡುತ್ತಾ ಕಪ್ಪಾಗಿ ಪುಡಿಯಾಯಿತು. ಅಲ್ಲಿ ಒಂದು ನದಿ ಇನ್ನೂ ಇದೆ ತಮ್ಮಾ, ಅದರ ಮೇಲೆ ಇಡೀ ಸಮುದ್ರದ ಭಾರ ಕೂತಿದೆ. ನಾಳೆ ನೀವು ಕೆಸರು ಖಾಲಿ ಮಾಡಿ ಬರಿಗೈಯಲ್ಲಿ ಅದರ ಎದುರು ನಿಲ್ಲುವವರಿದ್ದಿರಿ.

ಆ ಜಾಗಕ್ಕೆ ಸಿಮೆಂಟು ತುಂಬುತ್ತಾರೆ. ನಿಲ್ಲುವ ಜಾಗವನ್ನು ಎಂಬತ್ತು ಮೀಟರ್ ಮುಂದಕ್ಕೆ ಹಾಕಿದ್ದಾರೆ, ಅಲ್ಲೂ ಕೊರೆದು ನೋಡಿಯೇ ನಿಮ್ಮನ್ನು ಬಿಡುತ್ತಾರೆ. ದಾಖಲೆಯ ಪುಸ್ತಕದಲ್ಲಿ ಅಪ್ಪನ ಸಹಿಯ ಪಕ್ಕ ದೊಡ್ಡ ಇಂಜಿನಿಯರ್ ಕೆಂಪು ಶಾಯಿಯಲ್ಲಿ ಬರೆದರು: "ದಾಖಲೆ ತಪ್ಪು. ಬರೆದವರ ಅಜಾಗರೂಕತೆ." ನಾನೂರು ಬೋರಿನಲ್ಲಿ ಮೊದಲನೆಯದು. ನಾನು ಪಕ್ಕದಲ್ಲೇ ನಿಂತು ನೋಡಿದೆ.

ಹೊರಗೆ ಬಂದ ಮೇಲೆ ಮೊದಲ ಊಟ ನನ್ನ ಮನೆಯಲ್ಲಿ. ನಿನ್ನ ತಟ್ಟೆಯ ಜಾಗದಲ್ಲಿ ಏನೂ ಇಡುವುದಿಲ್ಲ, ಮಾತು ಕೊಡುತ್ತೇನೆ. ನೂರು ವರ್ಷ ಬಾಳು. ನಿನ್ನ ಮಗಳ ಹೊಸ ಹಲ್ಲು ಬರುವಷ್ಟರಲ್ಲಿ ಮನೆ ಸೇರು.

ನಿನ್ನ ಅಕ್ಕ

ಮತ್ತೆ: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ತುಂಡು ಅಪ್ಪನ ಕೋಟಿನಲ್ಲಿರಲಿಲ್ಲ. ನನ್ನ ಗುಂಡಿ ಡಬ್ಬಿಯಲ್ಲಿತ್ತು, ಮೂವತ್ನಾಲ್ಕು ವರ್ಷದಿಂದ.

ನೀನು ಹುಟ್ಟಿದ ಐದನೇ ದಿನ ಅಮ್ಮ ಹೋದಳು. ನಿನ್ನನ್ನು ಚಿಕ್ಕಮ್ಮ ಕರೆದುಕೊಂಡು ಹೋದರು. ನನಗೆ ಹನ್ನೊಂದು ವರ್ಷ, ಮನೆಯಲ್ಲಿ ಒಬ್ಬಳೇ ಇರಬಾರದೆಂದು ಅಪ್ಪ ನನ್ನನ್ನು ಗೋದಾಮಿಗೆ ಕರೆದೊಯ್ಯುತ್ತಿದ್ದರು. ಹಾಗೆ ಹೋದ ಒಂದು ದಿನ ಕೊರೆಯುವವರು ಬಂದು, "ಇಷ್ಟು ಸಿಗಲಿಲ್ಲ ಸಾರ್" ಎಂದು ಅಳತೆ ಹೇಳಿದರು. ಅಪ್ಪ ತುಂಡಿನ ಮೇಲೆ ಅದನ್ನು ಬರೆದರು. ಬರೆದ ಅಂಕಿಯನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮನ ಜಾಗಕ್ಕೆ ಕೆಂಪು ತುಂಡು ಇಟ್ಟವರು ಅವರೇ. ಅದನ್ನು ಇಡುವ ಗಟ್ಟಿತನ ಅವರಿಗಿತ್ತು. ಪೆಟ್ಟಿಗೆಯಲ್ಲೂ ಇಟ್ಟರು, ಇಟ್ಟು ಮುಖ ತೊಳೆಯಲು ಹೊರಗೆ ಹೋದರು. ನನಗೆ ಆ ಖಾಲಿ ಜಾಗ ನೋಡಲಾಗಲಿಲ್ಲ. ಅವರು ಮತ್ತೆ ಬಂದು ಅದನ್ನು ನೋಡಬಾರದು ಅನಿಸಿತು. ಆಡಿಕೊಳ್ಳಲೆಂದು ಅವರೇ ಕೊಟ್ಟಿದ್ದ ಬೇಡದ ಕಲ್ಲುಗಳು ನನ್ನ ಚೀಲದಲ್ಲಿದ್ದವು. ತುಂಡನ್ನು ತೆಗೆದು ಬಚ್ಚಿಟ್ಟುಕೊಂಡೆ, ಆ ಜಾಗದಲ್ಲಿ ನನ್ನ ಕಲ್ಲುಗಳನ್ನು ಒಂದರ ಪಕ್ಕ ಒಂದು ಜೋಡಿಸಿದೆ. ಮರದ ಪೆಟ್ಟಿಗೆ, ಒಂದೊಂದು ಇಟ್ಟಾಗಲೂ ಸದ್ದಾಗುತ್ತಿತ್ತು. ಅಪ್ಪನಿಗೆ ಕೇಳಿಸೀತೆಂದು ಮೆಲ್ಲಗೆ ಇಟ್ಟೆ. ಒಂಬತ್ತು.

ಮರುದಿನ ಅಪ್ಪ ಅಳುವ ಕಣ್ಣಲ್ಲೇ ದಾಖಲೆ ಬರೆದರು. ಪೆಟ್ಟಿಗೆಯಲ್ಲಿ ಕಂಡದ್ದನ್ನು ಕಂಡಂತೆ, ಗಟ್ಟಿ ಎಂದು ಬರೆದರು. ಅದು ಎಂಥ ತಪ್ಪೆಂದು ದೊಡ್ಡವಳಾದ ಮೇಲೆ ನನಗೆ ಅರ್ಥವಾಯಿತು. ಆದರೆ ಸುರಂಗ ಆಗುವುದೇ ಇಲ್ಲವಲ್ಲ ಎಂದು ಬಾಯಿ ಮುಚ್ಚಿಕೊಂಡೆ. ತೀರಿಹೋಗುವ ವಾರ ಅಪ್ಪ ಒಮ್ಮೆ ಕೇಳಿದರು, "ನಿನ್ನ ಆಟದ ಕಲ್ಲು ಎಲ್ಲಿ ಹೋದ್ವು ಮಗಳೇ?" ಕಳೆದುಹೋದವು ಎಂದೆ. "ಹೂಂ" ಎಂದು ಆ ಕಡೆ ತಿರುಗಿ ಮಲಗಿದರು. ಮೊನ್ನೆ ಅವರ ಮೇಲೆ ತಪ್ಪು ಹೊರಿಸಿದಾಗಲೂ ನಾನು ತಲೆಯಾಡಿಸಿದೆ. ನಾಳೆ ಬೆಳಿಗ್ಗೆ ಹೋಗಿ ಆ ಕೆಂಪು ಸಾಲನ್ನು ಹೊಡೆದುಹಾಕಿಸಿ ನನ್ನ ಹೆಸರು ಬರೆಸುತ್ತೇನೆ. ಅದಕ್ಕೆ ಮೊದಲು ನಿನಗೆ ತಿಳಿಯಬೇಕು. ಅಪ್ಪ ನಿನಗೆ ಸುಳ್ಳು ಬಿಟ್ಟುಹೋಗಲಿಲ್ಲ. ಅಮ್ಮ ಹೋದ ಮೇಲೆ ನಿನ್ನ ಮುಖ ನೋಡಲು ಆಗದೇ ಹೋದದ್ದು ಅವರಿಗಲ್ಲ, ನನಗೆ.

ಇವತ್ತು ಆ ಒಂಬತ್ತು ಕಲ್ಲು ತೆಗೆದು ತುಂಡನ್ನು ಅದರ ಜಾಗದಲ್ಲಿಟ್ಟೆ. ನೆಲ ಒಣಗಿದೆ. ನಿನಗೆ ಆ ಸದ್ದು ಇನ್ನೂ ಕೇಳುತ್ತದೆಯೋ ಇಲ್ಲವೋ ಎಂದು ಬರೆಯಬೇಡ, ತಿಳಿದುಕೊಳ್ಳಲು ನನಗೆ ಧೈರ್ಯವಿಲ್ಲ.

ಅಮ್ಮನ ಎತ್ತರ ನನಗೆ ನೆನಪಿದೆ. ಬಾಗಿಲ ಚೌಕಟ್ಟಿನ ಗೆರೆಯ ಪಕ್ಕ ಅಪ್ಪನೇ ಬರೆದಿದ್ದರು, ಬಣ್ಣ ಬಳಿಯುವ ಮುಂಚೆ. ನಿನ್ನ ಮಗಳಿಗೆ ಹೇಳು, ಒಂದು ಮೀಟರ್ ಐವತ್ತೆರಡು.